ಹಂಡೆ ಒಲೆ ಹೊಗೆ ಉಗುಳುತ್ತಿದೆಯಾ? ಒಲೆ ಒಡೆಯುವ ಮೊದಲು ಇವನ್ನು ನೋಡಿ

ಕೆಲವು ವರ್ಷಗಳ ಹಿಂದೆ ಮಂಡ್ಯ ಹತ್ತಿರದ ನಮ್ಮ ಹಳೇ ಮನೆಯನ್ನು ಕೆಡವಿ ಹೊಸದು ಕಟ್ಟಿದೆವು. ನಾಡಹೆಂಚು ಹೋಗಿ ತಾರಸಿ ಬಂತು. ಬಚ್ಚಲು ಮನೆಗೆ ಟೈಲ್ಸ್ ಬಂತು, ಅಲ್ಯೂಮಿನಿಯಂ ಕಿಟಕಿ ಬಂತು. ಹಂಡೆ ಒಲೆ ಮಾತ್ರ ಬೇಕೇ ಬೇಕು ಎಂದು ಅಮ್ಮ ಹಟ ಹಿಡಿದರು. ಸೋಲಾರ್ ನೀರಿನಲ್ಲಿ ಎಣ್ಣೆ ಸ್ನಾನ ಮಾಡಿದರೆ ಮೈ ಹಗುರ ಆಗಲ್ಲ ಅಂತ ಅವರ ಮಾತು. ಇಟ್ಟಿಗೆ, ಮಣ್ಣು ಹಾಕಿ ಹೊಸ ಒಲೆ ಕಟ್ಟಿಸಿ, ಅಜ್ಜಿ ಕಾಲದ ತಾಮ್ರದ ಹಂಡೆಯನ್ನೇ ಕೂರಿಸಿದೆವು.

ಆ ಚಳಿಗಾಲದಿಂದ ಭಾನುವಾರ ಬಂತೆಂದರೆ ಅಮ್ಮನಿಗೆ ತಲೆನೋವು. ಎಣ್ಣೆ ಶೀತ ಮಾಡುತ್ತಿದೆ ಅಂದುಕೊಂಡೆವು. ಹರಳೆಣ್ಣೆ ಬಿಟ್ಟು ಕೊಬ್ಬರಿ ಎಣ್ಣೆ ಹಚ್ಚಿದರು. ತಲೆನೋವು ಹೋಗಲಿಲ್ಲ. ಒಂದು ಭಾನುವಾರ ಬಚ್ಚಲ ಬಾಗಿಲಲ್ಲೇ ಕುಸಿದು ಕೂತರು. ನೋಡಿದ ಡಾಕ್ಟರ್ ಮೊದಲು ಕೇಳಿದ್ದು ಬಿಪಿ ಬಗ್ಗೆ ಅಲ್ಲ. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ, ಸೌದೆ ಒಲೆ ಇದೆಯಾ ಅಂತ ಕೇಳಿದರು. ಕಾರಣ ಅಲ್ಲೇ ಇತ್ತು. ಹಳೇ ಮನೆಯ ಹೆಂಚಿನ ಸಂದಿಯಲ್ಲಿ ಗಾಳಿ ಓಡಾಡುತ್ತಿತ್ತು. ಹೊಸ ಮನೆಗೆ ಉಸಿರಾಡಲು ಜಾಗವನ್ನೇ ನಾವು ಬಿಟ್ಟಿರಲಿಲ್ಲ.

ಆಮೇಲೆ ನೆಂಟರ ಮನೆ, ಅಕ್ಕಪಕ್ಕದವರ ಮನೆ ಅಂತ ಎಷ್ಟೋ ಒಲೆಗಳ ಮುಂದೆ ಕೂತು ನೋಡಿದ್ದೇನೆ. ಎಲ್ಲ ಕಡೆ ಒಂದೇ ಕಥೆ. ಹೊಗೆ ಬರುತ್ತದೆ, ಗಾರೆಯವರನ್ನು ಕರೆಸುತ್ತಾರೆ, ಒಲೆ ಒಡೆದು ಹೊಸದಾಗಿ ಕಟ್ಟಿಸುತ್ತಾರೆ. ತಿಂಗಳಿಗೆ ಮತ್ತೆ ಅದೇ ಹೊಗೆ. ಯಾಕೆಂದರೆ ತೊಂದರೆ ಒಲೆಯಲ್ಲಿ ಇರುವುದು ಕಮ್ಮಿ. ಸೌದೆಯಲ್ಲಿ, ಹೊಗೆ ಹೋಗುವ ಕೊಳವೆಯಲ್ಲಿ ಅಥವಾ ಮುಚ್ಚಿದ ಕಿಟಕಿಯಲ್ಲಿ ಇರುವುದೇ ಜಾಸ್ತಿ. ಇಲ್ಲಿ ಬರೆದಿರುವುದು ಹಂಡೆ ಒಲೆಗೆ ಮಾತ್ರ ಅಲ್ಲ. ಮೂರು ಪಾತ್ರೆ ಸಾಲಾಗಿ ಇಡುವ ಅಡುಗೆಯ ಅಸ್ತ್ರ ಒಲೆಗೂ, ತೋಟದ ಮನೆಗಳಲ್ಲಿ ಈಗ ಕಟ್ಟಿಸುತ್ತಿರುವ ಸೆರಾಮಿಕ್ ಟೈಲ್ಸಿನ ಅಗ್ಗಿಷ್ಟಿಕೆಗೂ ಹೊಂದುತ್ತದೆ. ಚಿಮಣಿ ಇರುವ ಎಲ್ಲ ಒಲೆಗಳೂ ಒಂದೇ ರೀತಿ ಕೆಲಸ ಮಾಡುತ್ತವೆ.

"ತಲೆ ನೋಯುತ್ತೆ, ಆದರೆ ಹೊಗೆ ಏನೂ ಕಾಣಲ್ಲ"

ಇದನ್ನೇ ಮೊದಲು ಹೇಳುತ್ತೇನೆ. ಮಿಕ್ಕಿದ್ದನ್ನು ನಿಧಾನವಾಗಿ ಸರಿ ಮಾಡಿಕೊಳ್ಳಬಹುದು. ಇದು ಕಾಯುವುದಿಲ್ಲ.

ಸೌದೆ ಪೂರ್ತಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ನಿಗಿನಿಗಿ ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ. ಉರಿ ಇಳಿಯಿತು, ಹೊಗೆ ನಿಂತಿತು, ನೀರೂ ಕಾದಿದೆ ಎಂದು ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಕೂರುತ್ತೇವಲ್ಲ, ಅಪಾಯ ಆಗಲೇ ಜಾಸ್ತಿ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ.

ಗುರುತು ಹಿಡಿಯುವುದು ಹೀಗೆ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು. ಒಲೆ ಉರಿಯುವಾಗ ಶುರುವಾಗಿ, ಹೊರಗೆ ಹೋಗಿ ಜಗಲಿಯಲ್ಲಿ ಕೂತರೆ ಕಮ್ಮಿ ಆಗುತ್ತದೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಅನುಮಾನವೇ ಬೇಡ. ಮಕ್ಕಳು, ಬಸುರಿಯರು, ವಯಸ್ಸಾದವರು, ಹೃದಯದ ತೊಂದರೆ ಇರುವವರಿಗೆ ಬೇಗ ತಟ್ಟುತ್ತದೆ.

ಹೀಗಾದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಬರುವಾಗ ಬಾಗಿಲು, ಕಿಟಕಿ ತೆರೆದು ಬನ್ನಿ. ಒಲೆ ಆರಿಸುತ್ತೇನೆ ಎಂದು ಒಳಗೆ ನಿಲ್ಲಬೇಡಿ. ಯಾರಾದರೂ ಒಳಗೆ ಬಿದ್ದಿದ್ದರೆ ಮೊದಲು ಕೂಗಿ ಜನ ಸೇರಿಸಿ. ಬಾಗಿಲು ಪೂರ್ತಿ ತೆಗೆದು, ಬೇಗ ಹೊರಗೆ ಎಳೆದು ತನ್ನಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಸೌದೆ ಒಲೆ ಉರಿಯುತ್ತಿದ್ದ ರೂಮಿನಲ್ಲಿದ್ದರು" ಎಂದು ಬಾಯಿಬಿಟ್ಟು ಹೇಳಿ. ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದನ್ನು ನಂಬಬೇಡಿ. ಮಾನಾಕ್ಸೈಡ್ ಹಿಡಿದ ರಕ್ತವನ್ನು ಅದು ಆಮ್ಲಜನಕ ಇರುವ ರಕ್ತ ಎಂದೇ ಲೆಕ್ಕ ಹಾಕುತ್ತದೆ. ಮನುಷ್ಯ ಒದ್ದಾಡುತ್ತಿದ್ದರೂ 98 ಅಂತ ತೋರಿಸಬಹುದು.

ಕಾರಣ ಏನೆಂದು ಗೊತ್ತಾಗುವವರೆಗೆ ಒಲೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ಒಂದು ತರಿಸಿಕೊಳ್ಳಿ. ಅಡುಗೆ ಗ್ಯಾಸ್ ಸೋರಿಕೆಗೆ ಹಾಕಿಸುವ ಅಲಾರಂ ಬೇರೆ, ಅದು ಇದನ್ನು ಹಿಡಿಯುವುದಿಲ್ಲ. ಬಚ್ಚಲಿನ ಆವಿ ತಾಗಿದರೆ ಅಲಾರಂ ಕೆಡುತ್ತದೆ. ಅದಕ್ಕೇ ನಾವು ಬಚ್ಚಲ ಬಾಗಿಲ ಹೊರಗೆ, ಪಡಸಾಲೆ ಕಡೆ ಗೋಡೆಯಲ್ಲಿ ಮುಖದ ಎತ್ತರಕ್ಕೆ ಹಾಕಿದ್ದೇವೆ. ಒಳಗೆ ಮಾನಾಕ್ಸೈಡ್ ತುಂಬಿಕೊಂಡರೆ ಇದಕ್ಕೆ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ಅಲಾರಂ ಇದೆ ಎಂದು ಬಚ್ಚಲ ಕಿಟಕಿ ಮುಚ್ಚುವ ಹಾಗಿಲ್ಲ.

ಮುಂದೆ ಹೋಗುವ ಮೊದಲು, ಒಂದು ಊದುಬತ್ತಿ ಪರೀಕ್ಷೆ

ಬಿಸಿ ಹೊಗೆ ಹಗುರ. ಅದು ಕೊಳವೆಯಲ್ಲಿ ಮೇಲೇರುತ್ತದೆ. ಏರುವಾಗ ಒಲೆ ಬಾಯಿಂದ ಹೊಸ ಗಾಳಿಯನ್ನು ಒಳಗೆ ಎಳೆಯುತ್ತದೆ. ಎಷ್ಟು ಹೊಗೆ ಹೊರಗೆ ಹೋಗಬೇಕೋ ಅಷ್ಟೇ ಗಾಳಿ ರೂಮಿನ ಒಳಗೆ ಬರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಹೊಗೆ ನಿಮ್ಮ ಕಡೆ ತಿರುಗುತ್ತದೆ.

ಇದನ್ನು ನೋಡಲು ಯಂತ್ರ ಏನೂ ಬೇಡ. ನಮ್ಮ ಮೈಸೂರು ಸೀಮೆಯಲ್ಲಿ ಊದುಬತ್ತಿಗೆ ಬರವೇ? ಒಂದು ಹಚ್ಚಿ ಒಲೆ ಬಾಯಿಯ ಮೇಲಂಚಿಗೆ ಹಿಡಿಯಿರಿ. ಹೊಗೆಯ ಎಳೆ ಒಳಗೆ ಬಾಗಿದರೆ ಕೊಳವೆ ಎಳೆಯುತ್ತಿದೆ. ನೆಟ್ಟಗೆ ಮೇಲೆ ಹೋದರೆ ಎಳೆತ ಇಲ್ಲ. ನಿಮ್ಮ ಮುಖದ ಕಡೆ ಬಂದರೆ ಗಾಳಿ ಉಲ್ಟಾ ಇಳಿಯುತ್ತಿದೆ. ಒಲೆ ತಣ್ಣಗಿದ್ದಾಗ ಒಮ್ಮೆ, ಹಚ್ಚಿ ಹತ್ತು ನಿಮಿಷ ಆದ ಮೇಲೆ ಒಮ್ಮೆ, ಕಿಟಕಿ ತೆಗೆದು ಮತ್ತೊಮ್ಮೆ ನೋಡಿ. ಮೂರು ಸಲದಲ್ಲಿ ಬೇಕಾದಷ್ಟು ಗೊತ್ತಾಗುತ್ತದೆ.

"ಹಚ್ಚುವಾಗ ಮಾತ್ರ ಹೊಗೆ, ಆಮೇಲೆ ಸರಿ ಹೋಗುತ್ತೆ"

ಇದು ದೋಷವೇ ಅಲ್ಲ ಅನ್ನಬಹುದು. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಕೊಳವೆ ತಣ್ಣಗಾಗಿರುತ್ತದೆ. ಒಳಗಿನ ತಣ್ಣನೆ ಗಾಳಿ ಭಾರ, ಬಿರಡೆ ಹಾಕಿದ ಹಾಗೆ ಕೂತಿರುತ್ತದೆ. ಮೊದಲ ಹೊಗೆಗೆ ಅದನ್ನು ತಳ್ಳುವ ಶಕ್ತಿ ಇರುವುದಿಲ್ಲ.

ಒಂದು ಹಾಳೆ ನ್ಯೂಸ್ ಪೇಪರ್ ಸುತ್ತಿ ಹಚ್ಚಿ, ಕೊಳವೆ ಶುರುವಾಗುವ ಕಡೆಗೆ ಒಲೆಯ ಹಿಂಭಾಗದಲ್ಲಿ ಇಡಿ. ಅರ್ಧ ನಿಮಿಷದಲ್ಲಿ ಗುಂಯ್ ಎಂದು ಎಳೆಯಲು ಶುರು ಮಾಡುತ್ತದೆ. ಆಮೇಲೆ ಪುಳ್ಳೆ, ಆಮೇಲೆ ಸಣ್ಣ ಸೀಳು, ಕೊನೆಗೆ ದಪ್ಪ ಸೌದೆ. ಮೊದಲಿಗೇ ದಿಮ್ಮಿ ತುರುಕಿ ಸೀಮೆಎಣ್ಣೆ ಸುರಿಯುವುದು ಬೇಡವೇ ಬೇಡ. ಪೆಟ್ರೋಲ್ ಅಂತೂ ಮಾತೇ ಆಡುವ ಹಾಗಿಲ್ಲ. ಅದರ ಆವಿಗೆ ಬೆಂಕಿ ತಗುಲಿದರೆ ಒಲೆ ಬಾಯಿಂದ ಜ್ವಾಲೆ ಹೊರಗೆ ಹಾರುತ್ತದೆ.

ಹತ್ತು ನಿಮಿಷ ದಾಟಿದರೂ ಹೊಗೆ ನಿಲ್ಲದಿದ್ದರೆ ಮುಂದಿನದು ಓದಿ.

"ಉರಿಯುವಷ್ಟು ಹೊತ್ತೂ ಹೊಗೆ"

ಜನ ಹೆಚ್ಚಾಗಿ ಹೇಳುವ ತೊಂದರೆ ಇದೇ. ದುಡ್ಡು ಖರ್ಚಿಲ್ಲದ ಕಡೆಯಿಂದ ಶುರು ಮಾಡೋಣ.

ಮೊದಲು ಸೌದೆ ನೋಡಿ. ಹಸಿ ಮರದ ತೂಕದಲ್ಲಿ ಹೆಚ್ಚು ಕಮ್ಮಿ ಅರ್ಧ ನೀರೇ ಇರುತ್ತದೆ. ಒಲೆಗೆ ಹಾಕುವಾಗ ಅದು 20 ಪರ್ಸೆಂಟಿಗಿಂತ ಕೆಳಗೆ ಇಳಿದಿರಬೇಕು. ಹಸಿ ಸೌದೆ ಹಾಕಿದರೆ ಬೆಂಕಿಯ ಶಾಖವೆಲ್ಲ ಆ ನೀರನ್ನು ಆವಿ ಮಾಡಲು ಹೋಗುತ್ತದೆ. ಹೊಗೆ ತಣ್ಣಗಾಗುತ್ತದೆ, ಎಳೆತ ಸಾಯುತ್ತದೆ. ಎರಡು ಸೀಳು ತೆಗೆದುಕೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿದ್ದರೆ ಒಣಗಿದೆ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಚುಯ್ ಎಂದರೆ ಹಸಿ. ಇನ್ನೂ ಅನುಮಾನ ಇದ್ದರೆ ಒಂದು ಸೀಳನ್ನು ತೂಗಿ, ವಾರ ಬಿಸಿಲಿಗಿಟ್ಟು ಮತ್ತೆ ತೂಗಿ. ತೂಕ ಚೆನ್ನಾಗಿ ಇಳಿದರೆ ಆ ರಾಶಿ ಇನ್ನೂ ತಯಾರಾಗಿಲ್ಲ.

ಆಲೆಮನೆ ನೋಡಿದವರಿಗೆ ಇದು ಹೇಳಿಕೊಡಬೇಕಿಲ್ಲ. ಅರೆದ ಕಬ್ಬಿನ ಸಿಪ್ಪೆಯನ್ನು ಬಿಸಿಲಲ್ಲಿ ಹರಡಿ, ಗರಿಗರಿ ಆದ ಮೇಲೇ ಕೊಪ್ಪರಿಗೆ ಕೆಳಗೆ ಹಾಕುತ್ತಾರೆ. ಮನೆ ಒಲೆಗೆ ಮಾತ್ರ ನಿನ್ನೆ ಕಡಿದ ಕೊಂಬೆ ಹಾಕುತ್ತೇವೆ. ಹಿಪ್ಪುನೇರಳೆ ಕಡ್ಡಿ ಬೇಗ ಒಣಗುತ್ತದೆ, ಹೊತ್ತಿಸಲು ಒಳ್ಳೇದು. ಜಾಲಿ, ಸರ್ವೆ ನಿಧಾನವಾಗಿ ಉರಿದು ಒಳ್ಳೆ ಕೆಂಡ ಕೊಡುತ್ತವೆ. ತೆಂಗಿನ ಚಿಪ್ಪು ತುಂಬಾ ಕಾವು ಕೊಡುತ್ತದೆ, ಹಾಗಾಗಿ ಒಂದೇ ಸಲ ಮಂಕರಿ ಸುರಿಯಬಾರದು. ತೆಂಗಿನ ಮಟ್ಟೆ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಒಂದು ಮಳೆ ಬಿದ್ದರೂ ಮತ್ತೆ ಒಣಗಿಸಲೇಬೇಕು. ಸೌದೆಯನ್ನು ನೆಲಕ್ಕೆ ತಾಗದ ಹಾಗೆ ಎರಡು ಇಟ್ಟಿಗೆ ಮೇಲೆ ಜೋಡಿಸಿ. ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕ ಗಾಳಿಗೆ ಬಿಡಿ. ಟಾರ್ಪಾಲ್ ಸುತ್ತಿದರೆ ಒಳಗೇ ಬೆವರುತ್ತದೆ.

ಕೆಲವನ್ನು ಎಂದೂ ಹಾಕಬೇಡಿ. ಬಣ್ಣ ಬಳಿದ ಹಳೇ ಬಾಗಿಲು, ಪ್ಲೈವುಡ್, ಟೈರ್ ಚೂರು, ಪ್ಲಾಸ್ಟಿಕ್ ಚೀಲ. ಇವುಗಳ ಹೊಗೆ ವಿಷ. ಕಣಗಿಲೆ ಗಿಡವೂ ಅಷ್ಟೆ. ಅಂಗಳದಲ್ಲಿ ಸವರಿದ ಕೊಂಬೆ ಎಂದು ಎಷ್ಟೋ ಜನ ಒಲೆಗೆ ಹಾಕುತ್ತಾರೆ. ಅದರ ಹಾಲು, ಎಲೆ, ಹೊಗೆ ಎಲ್ಲವೂ ವಿಷವೇ.

ಸೌದೆ ಸರಿ ಇದೆ ಅಂದರೆ ಬೂದಿ ನೋಡಿ. ಜಾಲರಿ ಕೆಳಗೆ ಬೂದಿ ತುಂಬಿದ್ದರೆ ಗಾಳಿಗೆ ದಾರಿ ಇಲ್ಲ. ಎರಡು ನಿಮಿಷದ ಕೆಲಸ. ಬೂದಿ ತೆಗೆದ ಕೂಡಲೇ ಉರಿ ಕೆಂಪಿನಿಂದ ಹಳದಿಗೆ ತಿರುಗಿದರೆ ಅಷ್ಟೇ ತೊಂದರೆ ಇದ್ದದ್ದು.

ಆಮೇಲೆ ಕಿಟಕಿ. ಒಲೆ ಉರಿಯುವಾಗಲೇ ಕಿಟಕಿ ಪೂರ್ತಿ ತೆಗೆದು ಐದು ನಿಮಿಷ ಕಾಯಿರಿ. ಹೊಗೆ ನಿಂತರೆ ನಿಮ್ಮ ಒಲೆ ಚೆನ್ನಾಗಿದೆ, ಮನೆಗೆ ಗಾಳಿ ಸಾಲುತ್ತಿಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಅಡುಗೆಮನೆಯಲ್ಲಿ ಕರೆಂಟ್ ಚಿಮಣಿಯೋ ಎಕ್ಸಾಸ್ಟ್ ಫ್ಯಾನೋ ಓಡುತ್ತಿದ್ದರೆ ಅದನ್ನೂ ಆಫ್ ಮಾಡಿ ನೋಡಿ. ಫ್ಯಾನ್ ಮನೆಯ ಗಾಳಿಯನ್ನು ಹೊರಗೆ ತಳ್ಳುತ್ತದೆ. ಆ ಜಾಗ ತುಂಬಲು ಬೇರೆಲ್ಲಿಂದಲೋ ಗಾಳಿ ಬರಬೇಕು. ಎಲ್ಲ ಬಾಗಿಲೂ ಮುಚ್ಚಿದ್ದರೆ ಅದು ಒಲೆಯ ಕೊಳವೆಯಿಂದಲೇ ಇಳಿಯುತ್ತದೆ, ಹೊಗೆಯನ್ನೂ ಕರೆದುಕೊಂಡು. ನಮ್ಮಲ್ಲಿ ಬೆಳಿಗ್ಗೆ ದೋಸೆ ಹುಯ್ಯುವ ಹೊತ್ತಿಗೇ ಬಚ್ಚಲಲ್ಲಿ ಹೊಗೆ ಜಾಸ್ತಿ ಆಗುತ್ತಿತ್ತು. ಯಾಕೆ ಅಂತ ತಿಂಗಳುಗಟ್ಟಲೆ ತಿಳಿಯಲಿಲ್ಲ. ಪರಿಹಾರ ಎಂದರೆ ಒಲೆ ಬಾಯಿಯ ಹತ್ತಿರ, ಗೋಡೆಯ ಕೆಳಭಾಗದಲ್ಲಿ, ಮುಚ್ಚಲಾಗದ ಒಂದು ಗಾಳಿ ಕಿಂಡಿ. ಹೆಗ್ಗಣ ಬರದ ಹಾಗೆ ಜಾಲರಿ ಹಾಕಿಸಿ. ಮುಚ್ಚಲಾಗದ್ದು ಅಂದೆ, ಯಾಕೆಂದರೆ ಮುಚ್ಚುವ ಕಿಂಡಿಯನ್ನು ಚಳಿಗೆ ನಾವೇ ಮುಚ್ಚುತ್ತೇವೆ.

ಅಸ್ತ್ರ ಒಲೆ ಇರುವವರು ಇನ್ನೊಂದು ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ರೂಪಿಸಿದ ಒಲೆ ಅದು. ಒಂದೇ ಉರಿಯ ಕಾವು ಸಾಲಾಗಿ ಮೂರು ಪಾತ್ರೆಗೆ ತಾಗಿ ಆಮೇಲೆ ಕೊಳವೆಗೆ ಹೋಗುತ್ತದೆ. ಮೂರು ಕಣ್ಣೂ ಪಾತ್ರೆಯಿಂದ ಬಿಗಿಯಾಗಿ ಮುಚ್ಚಿರಬೇಕು. ಒಂದು ಕಣ್ಣು ಖಾಲಿ ಬಿಟ್ಟರೆ ಕೊಳವೆ ಅಲ್ಲಿಂದಲೇ ಗಾಳಿ ಎಳೆದುಕೊಳ್ಳುತ್ತದೆ, ಉರಿಗೆ ಎಳೆತ ಸಿಗದೆ ಹೊಗೆ ಹೊರಗೆ ಬರುತ್ತದೆ. ಪಾತ್ರೆ ಇಲ್ಲದಾಗ ಮುಚ್ಚಳ ಹಾಕಿ. ಹಂಡೆಯ ಸುತ್ತಲಿನ ಸಂದಿಗೂ ಇದೇ ಮಾತು. ಅಲ್ಲಿ ಮೆತ್ತಿದ ಮಣ್ಣು ಉದುರಿದ್ದರೆ ಮತ್ತೆ ಮೆತ್ತಿ.

ಇಷ್ಟೆಲ್ಲ ಮಾಡಿದರೂ ನಿಲ್ಲದಿದ್ದರೆ ಕೊಳವೆ ಕಟ್ಟಿಕೊಂಡಿದೆ. ಒಲೆ ಪೂರ್ತಿ ಆರಿ ಒಂದು ದಿನ ಆಗಿರಬೇಕು. ಕೆಳಗಿನ ಮಸಿ ಕಿಂಡಿ ತೆಗೆದು, ಒಂದು ಕನ್ನಡಿ ಹಿಡಿದು ಮೇಲೆ ನೋಡಿ. ಆಕಾಶದ ಬೆಳಕು ದುಂಡಗೆ ಕಾಣಬೇಕು. ಅರ್ಧ ಚಂದ್ರನ ಹಾಗೆ ಕಂಡರೆ ಮಸಿ ಕೂತಿದೆ. ಏನೂ ಕಾಣದಿದ್ದರೆ ಗೂಡೋ, ಜೇನೋ, ಸತ್ತ ಹಕ್ಕಿಯೋ ಇರಬಹುದು. ಜೇನು ಇದ್ದರೆ ಕೈ ಹಾಕಬೇಡಿ, ಬಿಡಿಸುವವರನ್ನು ಕರೆಸಿ.

ಕೊಳವೆ ಗುಡಿಸಲು ಇಬ್ಬರು ಬೇಕು. ಒಲೆ ಬಾಯಿಗೆ ಒದ್ದೆ ಗೋಣಿ ಮುಚ್ಚಿ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿ. ಕೊಳವೆಗೆ ಹಿಡಿಯುವಷ್ಟು ಗೋಣಿ ಉಂಡೆಯೊಳಗೆ ಒಂದು ಕಲ್ಲು ಕಟ್ಟಿ, ಹಗ್ಗದಲ್ಲಿ ಮೇಲಿಂದ ಇಳಿಬಿಟ್ಟು ಎಳೆದಾಡಿ. ತಂತಿ ಬ್ರಷ್ ಇದ್ದರೆ ಇನ್ನೂ ಒಳ್ಳೇದು. ಸಿಮೆಂಟ್ ಶೀಟಿನ ಸೂರಿನ ಮೇಲೆ ಕಾಲಿಡಬೇಡಿ. ಅದು ಒಡೆದು ಕೆಳಗೆ ಬೀಳುವವರು ಬಹಳ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಹಳೇ ಒಲೆಗಳಿಗೆ ಬೂದು ಬಣ್ಣದ ಎ.ಸಿ. (ಆಸ್‌ಬೆಸ್ಟಾಸ್ ಸಿಮೆಂಟ್) ಪೈಪ್ ಹಾಕಿರುವುದುಂಟು. ಅದರಲ್ಲಿ ಆಸ್‌ಬೆಸ್ಟಾಸ್ ನಾರು ಇರುತ್ತದೆ. ಅದನ್ನು ಉಜ್ಜುವುದು, ಕತ್ತರಿಸುವುದು, ಒಡೆಯುವುದು ಮಾಡಬೇಡಿ. ಎದ್ದ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ, ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ತುಂಬಾ ಕಾದರೆ ಆ ಪೈಪ್ ಸಿಡಿಯಲೂಬಹುದು. ನೀರು ಚಿಮುಕಿಸಿ, ಇಡಿಯಾಗಿ ಇಳಿಸಿಸಿ, ಸುಟ್ಟ ಮಣ್ಣಿನ ಕೊಳವೆಯೋ ಉಕ್ಕಿನ ಕೊಳವೆಯೋ ಹಾಕಿಸಿ. ಮೇಲಿನ ತುಂಡಿಗೆ ಪಿವಿಸಿ ಪೈಪ್ ಸಿಕ್ಕಿಸುವುದನ್ನೂ ಕಂಡಿದ್ದೇನೆ. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ, ಸುಟ್ಟರೆ ಗಂಟಲು ಸುಡುವ ಹೊಗೆ ಬಿಡುತ್ತದೆ.

"ಗಾಳಿ ಬೀಸಿದಾಗ ಹೊಗೆ ವಾಪಸ್ ನುಗ್ಗುತ್ತೆ"

ಆಷಾಢದ ಗಾಳಿಯಲ್ಲಿ ಮಾತ್ರ ಹೀಗಾದರೆ ಕೊಳವೆಯ ಎತ್ತರ ಸಾಲದು. ಸೂರಿನಿಂದ ಕನಿಷ್ಠ 3 ಅಡಿ ಮೇಲಿರಬೇಕು. ಸುತ್ತ 10 ಅಡಿಯಲ್ಲಿರುವ ಯಾವುದೇ ಗೋಡೆ, ಮೆಟ್ಟಿಲ ಕೋಣೆ, ನೀರಿನ ಟ್ಯಾಂಕಿಗಿಂತ 2 ಅಡಿ ಮೇಲಿರಬೇಕು. ಗಾಳಿ ಗೋಡೆಗೆ ಹೊಡೆದು ಕೆಳಗೆ ಮಗುಚುತ್ತದೆ. ಅದರ ದಾರಿಯಲ್ಲಿ ಕೊಳವೆ ಬಾಯಿ ಇದ್ದರೆ ಹೊಗೆ ಒಳಕ್ಕೆ. ಮೈಸೂರಿನ ಒತ್ತೊತ್ತು ಬಡಾವಣೆಯಲ್ಲಿ ಪಕ್ಕದವರು ಮೇಲೊಂದು ಮಹಡಿ ಕಟ್ಟಿದ ವರ್ಷವೇ ಈ ತೊಂದರೆ ಶುರುವಾದರೆ ಆಶ್ಚರ್ಯ ಪಡಬೇಡಿ. ಮಳೆಗೆ ಹಾಕುವ ಟೋಪಿಯನ್ನೂ ನೋಡಿ. ಟೋಪಿಗೂ ಕೊಳವೆಗೂ ನಡುವೆ ಕೊಳವೆಯ ಅಗಲದಷ್ಟಾದರೂ ಸಂದು ಬೇಕು. ಮೇಲೆ ತೆಂಗಿನ ಗರಿ ಬಾಗಿದ್ದರೆ ಕಡಿಸಿಬಿಡಿ, ಕಿಡಿಗೆ ಅದಕ್ಕಿಂತ ಒಳ್ಳೆ ಮೇವಿಲ್ಲ.

"ಸೌದೆ ಮುಗೀತು, ನೀರು ಮಾತ್ರ ಕಾಯಲಿಲ್ಲ"

ಹೊಗೆ ಇಲ್ಲ, ಉರಿ ಜೋರಾಗಿದೆ, ನೀರು ಮಾತ್ರ ಉಗುರುಬೆಚ್ಚಗೆ. ಹಂಡೆ ತಳದಲ್ಲಿ ಮಸಿ ದಪ್ಪಗೆ ಕೂತಿದೆಯಾ ನೋಡಿ. ಮಸಿ ಶಾಖವನ್ನು ತಡೆಯುತ್ತದೆ. ಒಳಗೆ ಬಿಳಿ ಪದರ ಕಟ್ಟಿದ್ದರೆ ಅದು ಬೋರ್‌ವೆಲ್ ನೀರಿನ ಸುಣ್ಣ, ಅದೂ ತಡೆಯೇ. ಹುಣಸೆಹಣ್ಣು ಹಾಕಿ ರಾತ್ರಿ ನೆನೆಸಿಟ್ಟು ಉಜ್ಜಿ. ಎರಡೂ ಚೊಕ್ಕ ಇದ್ದರೆ ಎಳೆತ ಅತಿಯಾಗಿದೆ, ಕಾವೆಲ್ಲ ಕೊಳವೆಯಲ್ಲಿ ಹೋಗುತ್ತಿದೆ. ಒಲೆ ಬಾಯಿಗೆ ತಗಡನ್ನು ಅರ್ಧ ಅಡ್ಡ ಇಡಿ. ಕೊಳವೆಯನ್ನು ಮುಚ್ಚಲು ಹೋಗಬೇಡಿ, ಮಾನಾಕ್ಸೈಡ್ ರೂಮಿಗೆ ಬರುತ್ತದೆ. ನೀರು ಖಾಲಿಯಾದ ಹಂಡೆಯ ಕೆಳಗೆ ಉರಿ ಬಿಡಬೇಡಿ. ಕಾದ ಖಾಲಿ ಹಂಡೆಗೆ ತಣ್ಣೀರು ಸುರಿದರೆ ಆವಿ ಮುಖಕ್ಕೆ ಹೊಡೆಯುತ್ತದೆ.

"ಕೊಳವೆಯಿಂದ ಕಪ್ಪು ನೀರು ಇಳಿಯುತ್ತೆ"

ಗೋಡೆ ಮೇಲೆ ಟಾರು ಸುರಿದ ಹಾಗೆ ಕಪ್ಪು ಗೆರೆ, ಘಾಟು ವಾಸನೆ. ಮಳೆನೀರು ಅಂದುಕೊಂಡು ಸುಮ್ನೆ ಬಿಡುತ್ತಾರೆ. ಹಸಿ ಸೌದೆಯ ಹೊಗೆ ತಣ್ಣನೆ ಕೊಳವೆಗೆ ತಾಗಿ ಅಲ್ಲೇ ಅಂಟು ಎಣ್ಣೆಯಾಗಿ ಕೂರುತ್ತದೆ. ರಾತ್ರಿಯೆಲ್ಲ ಸೌದೆಯನ್ನು ಮೆಲ್ಲಗೆ ಹೊಗೆಯಾಡಲು ಬಿಡುವವರ ಮನೆಯಲ್ಲಿ ಇದು ಜಾಸ್ತಿ. ಆ ಅಂಟು ಬೆಂಕಿ ಹಿಡಿಯುವ ವಸ್ತು. ಪುಡಿ ಮಸಿ ಆದರೆ ಗುಡಿಸಬಹುದು. ಗಾಜಿನ ಹಾಗೆ ಹೊಳೆಯುವ ಗಟ್ಟಿ ಪದರ ಆಗಿದ್ದರೆ ಕೊಳವೆಯನ್ನೇ ಬದಲಾಯಿಸುವುದು ಕ್ಷೇಮ.

ಅದು ಹೊತ್ತಿಕೊಂಡರೆ ಕೊಳವೆಯೊಳಗೆ ರೈಲು ಓಡಿದ ಹಾಗೆ ಸದ್ದು ಬರುತ್ತದೆ, ಮೇಲಿಂದ ಕಿಡಿ ಹಾರುತ್ತದೆ. ಒಳಗಿನ ಶಾಖ 1000 ಡಿಗ್ರಿ ದಾಟಬಹುದು. ನೀರು ಎರಚಬೇಡಿ. ಕಾದ ಇಟ್ಟಿಗೆ, ಮಣ್ಣಿನ ಕೊಳವೆ ಸಿಡಿಯುತ್ತದೆ. ಕೈಗೆ ಸಿಕ್ಕರೆ ಒಲೆ ಬಾಯಿಗೆ ತಗಡು ಮುಚ್ಚಿ ಗಾಳಿ ನಿಲ್ಲಿಸಿ. ಎಲ್ಲರನ್ನೂ ಹೊರಗೆ ಕಳಿಸಿ. 101ಕ್ಕೋ 112ಕ್ಕೋ ಫೋನ್ ಮಾಡಿ. ತಾನಾಗಿ ಆರಿದರೂ ಕೊಳವೆಯನ್ನು ತಿಳಿದವರಿಂದ ನೋಡಿಸದೆ ಮತ್ತೆ ಹಚ್ಚಬೇಡಿ.

ಹೆಂಚಿನ ಮನೆಯವರು ಕೊಳವೆ ಸೂರು ದಾಟುವ ಜಾಗದ ಮರವನ್ನು ಕೈಯಿಂದ ಮುಟ್ಟಿ ನೋಡಬೇಕು. ಒಂಟಿ ತಗಡಿನ ಕೊಳವೆಯಿಂದ ಮರದ ಜಂತೆ, ರೀಪರ್ ಒಂದೂವರೆ ಅಡಿ ದೂರ ಇರಬೇಕು. ಮರ ಬಿಸಿ ಇದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಒಲೆ ನಿಲ್ಲಿಸಿ. ವರ್ಷಗಟ್ಟಲೆ ಕಾವು ತಿಂದ ಮರ ಹೊಸ ಮರಕ್ಕಿಂತ ಕಮ್ಮಿ ಬಿಸಿಗೇ ಹೊತ್ತಿಕೊಳ್ಳುತ್ತದೆ.

"ಒಲೆ ಬಿರುಕು ಬಿಟ್ಟಿದೆ"

ಕೂದಲೆಳೆಯಂಥ ಬಿರುಕಿಗೆ ಹೆದರಬೇಡಿ. ಮಣ್ಣು ಕಾದಾಗ ಹಿಗ್ಗಿ, ಆರಿದಾಗ ಕುಗ್ಗುತ್ತದೆ. ಒಂದು ಲಗ್ನಪತ್ರಿಕೆಯ ಅಂಚು ಒಳಗೆ ಹೋದರೆ ತುಂಬಬೇಕು. ಬಿರುಕಿನಲ್ಲಿ ಬೆಂಕಿಯ ಬೆಳಕು ಕಂಡರೆ, ಹಿಂದಿನ ಗೋಡೆ ಮುಟ್ಟಲಾಗದಷ್ಟು ಸುಟ್ಟರೆ, ಒಲೆ ಒಂದು ಕಡೆ ವಾಲಿದ್ದರೆ ಗಾರೆಯವರಿಗೆ ಬಿಡಿ.

ತುಂಬಲು ಸಿಮೆಂಟ್ ಬೇಡ. ಅದು ಗಟ್ಟಿಯಾಗಿರುವುದು ಒಳಗೆ ಕಟ್ಟಿಕೊಂಡ ನೀರಿನಿಂದ. ಉರಿಯ ಕಾವಿಗೆ ಆ ನೀರು ಹೋಗಿ ಪುಡಿಯಾಗುತ್ತದೆ. ಹುತ್ತದ ಮಣ್ಣು, ಮರಳು, ಭತ್ತದ ಹೊಟ್ಟು ಕಲಸಿ ಒಂದು ರಾತ್ರಿ ಬಿಡಿ. ಬಿರುಕಿಗೆ ನೀರು ಚಿಮುಕಿಸಿ ಒತ್ತಿ ತುಂಬಿ. ಬಿಸಿಲು ಚೆನ್ನಾಗಿದ್ದರೂ ನಾಲ್ಕೈದು ದಿನ ಆರಲಿ. ಉರಿ ನೇರ ತಾಗುವ ಒಳಗೋಡೆಗೆ ಫೈರ್ ಬ್ರಿಕ್ಸ್ ಹಾಕಿಸಿದ್ದರೆ ಅದಕ್ಕೆಂದೇ ಸಿಗುವ ಬೆಂಕಿ ಮಣ್ಣಿನ ಗಾರೆಯನ್ನೇ ತನ್ನಿ.

ಹೊಸ ಒಲೆ ಮೊದಲ ವಾರವೇ ಒಡೆದರೆ ಆತುರ ಪಟ್ಟಿದ್ದೀರಿ ಎಂದು ಅರ್ಥ. ಒಳಗಿನ ತೇವ ಒಮ್ಮೆಗೇ ಆವಿಯಾಗಿ ಮಣ್ಣನ್ನು ಸಿಡಿಸುತ್ತದೆ. ಎರಡು ಮೂರು ವಾರ ಒಣಗಿಸಿ. ಆಮೇಲೆ ನಾಲ್ಕು ದಿನ ಪುಳ್ಳೆಯ ಸಣ್ಣ ಉರಿ ಮಾತ್ರ. ಹಂಡೆ ಊರಲು ಹೊಳೆಯಿಂದ ತಂದ ಗುಂಡುಕಲ್ಲು ಬಳಸಬೇಡಿ, ಒಳಗೆ ನೀರು ಕೂತಿದ್ದರೆ ಪಟಾಕಿಯ ಹಾಗೆ ಒಡೆಯುತ್ತದೆ. ಅಗ್ಗಿಷ್ಟಿಕೆಯ ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಅಂಟು ಬಿಟ್ಟಿದೆ, ಅದು ಕಾದು ಬೀಳುವ ಮೊದಲೇ ತೆಗೆಸಿ. ಸ್ನಾನದ ನೀರು ಬಿಸಿ ಒಲೆಗೆ ಎರಚದ ಹಾಗೆ ಒಂದು ಗೇಣು ಕಟ್ಟೆ ಕಟ್ಟಿಸಿದರೆ ಅರ್ಧ ಬಿರುಕು ಬರುವುದೇ ಇಲ್ಲ.

"ಬೂದಿ ಚೆಲ್ಲಿದ ಕಡೆ ಹೊಗೆ ಏಳುತ್ತಿದೆ"

ಬೂದಿ ಕೆಂಡಕ್ಕೆ ಕಂಬಳಿ ಇದ್ದ ಹಾಗೆ. ಮೇಲೆ ತಣ್ಣಗಿದ್ದರೂ ಒಳಗೆ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಕೆಂಡ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ, ರಟ್ಟಿನ ಡಬ್ಬಕ್ಕೆ ತುಂಬಬೇಡಿ. ಮುಚ್ಚಳ ಇರುವ ತಗಡಿನ ಡಬ್ಬಕ್ಕೆ ಹಾಕಿ ಮನೆಯ ಹೊರಗೆ, ನೆಲದ ಮೇಲೆ ಇಡಿ. ಮೂರು ದಿನ ಬಿಟ್ಟು ತಿಪ್ಪೆಗೆ ಹಾಕಿ. ಹುಲ್ಲಿನ ಮೆದೆ ಪಕ್ಕ ತಿಪ್ಪೆ ಇದ್ದರೆ ಅಲ್ಲಿಗೂ ಬೇಡ, ತೆಂಗಿನ ಬುಡಕ್ಕೆ ಹಾಕಿ.

ನಮ್ಮ ಮನೆಯಲ್ಲಿ ಈಗ ವರ್ಷಕ್ಕೊಮ್ಮೆ ಇದನ್ನೆಲ್ಲ ನೋಡಲು ದಿನ ಗೊತ್ತುಮಾಡಿದ್ದೇವೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ಇಳಿಸಿ, ಹುಣಸೆಹಣ್ಣು ಹಾಕಿ ತೊಳೆದು, ಕೊರಳಿಗೆ ಹಾಗಲ ಬಳ್ಳಿ ಕಟ್ಟುತ್ತೇವೆ. ಅದರ ಹಿಂದಿನ ಭಾನುವಾರವೇ ಕೊಳವೆ ಗುಡಿಸಿ, ಬಿರುಕು ತುಂಬಿ, ಅಲಾರಂ ಗುಂಡಿ ಒತ್ತಿ ನೋಡುತ್ತೇವೆ. ಮಳೆ ಮುಗಿಯುತ್ತಾ ಬಂದಿರುತ್ತದೆ, ಚಳಿ ಇನ್ನೂ ಶುರುವಾಗಿರುವುದಿಲ್ಲ. ಕಳೆದ ವರ್ಷ ಒಲೆ ಬಾಯಿಯನ್ನೂ ಹಿತ್ತಲ ಕಡೆಗೆ ತಿರುಗಿಸಿದೆವು. ಹಂಡೆ ಬಚ್ಚಲೊಳಗೇ ಇದೆ, ಸೌದೆ ಹಾಕುವುದು ಮಾತ್ರ ಗೋಡೆಯ ಆಚೆಯಿಂದ. ನಮ್ಮ ಸೀಮೆಯ ಹಳೇ ಮನೆಗಳಲ್ಲಿ ಎಷ್ಟೋ ಕಡೆ ಹೀಗೇ ಇರುತ್ತಿತ್ತು. ಹಂಡೆ ಸುತ್ತ, ಗೋಡೆ ಸುತ್ತ ಮಣ್ಣು ಬಿಗಿಯಾಗಿ ಮೆತ್ತಿದ್ದರೆ ಮಾತ್ರ ಇದರ ಲಾಭ ಸಿಗುವುದು, ಅದಕ್ಕೇ ತಿಂಗಳಿಗೊಮ್ಮೆ ಅಮ್ಮನೇ ಊದುಬತ್ತಿ ಹಿಡಿದು ಆ ಅಂಚನ್ನೆಲ್ಲ ನೋಡುತ್ತಾರೆ.